ಫ್ಯಾನಿನ ನಡುಕ ತಗಡಿಗೆ ತಾಗದಿರಲಿ: ಕಂಪ್ಯೂಟರ್ ಫ್ಯಾನಿಗೆ ರಬ್ಬರ್ ಮೌಂಟ್ ಹಾಕುವ ಬಗೆ

ಕಂಪ್ಯೂಟರ್ ಸದ್ದು ಮಾಡುತ್ತದೆ ಎನ್ನುವವರು ಮೊದಲು ಬೈಯುವುದು ಫ್ಯಾನನ್ನು. ಹೊಸ ಫ್ಯಾನ್ ತಂದು ಹಾಕುತ್ತಾರೆ, ಅದೂ ಹಾಗೆಯೇ ಗುಂಯ್‌ಗುಡುತ್ತದೆ. ಆ ಸದ್ದಿನಲ್ಲಿ ಫ್ಯಾನಿನ ಪಾಲೆಷ್ಟು, ಫ್ಯಾನನ್ನು ಹೊತ್ತ ತಗಡಿನ ಪಾಲೆಷ್ಟು ಎಂದು ಬೇರೆ ಮಾಡಿ ನೋಡುವವರು ಕಡಿಮೆ. ಸಾಮಾನ್ಯ ಬೆಲೆಯ ಕ್ಯಾಬಿನೆಟ್ಟಿನ ಪ್ಯಾನಲ್ಲು ಒಂದು ಮಿಲಿಮೀಟರಿಗಿಂತ ತೆಳುವಾದ ಉಕ್ಕಿನ ತಗಡು. ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಫ್ಯಾನನ್ನು ಬಿಗಿದೆವೆಂದರೆ ಫ್ಯಾನಿನ ಅದುರಾಟವೆಲ್ಲ ನೇರವಾಗಿ ತಗಡಿಗೆ ಹೋಗುತ್ತದೆ. ತಂಬೂರಿಯ ತಂತಿಯ ಸದ್ದು ಬುರುಡೆಯಿಂದ ದೊಡ್ಡದಾಗಿ ಹೊಮ್ಮುವ ಹಾಗೆ, ಫ್ಯಾನಿನ ಸಣ್ಣ ನಡುಕ ಕ್ಯಾಬಿನೆಟ್ಟಿನ ಅಗಲವಾದ ತಗಡಿನಿಂದ ದೊಡ್ಡ ಸದ್ದಾಗಿ ಕೋಣೆ ತುಂಬುತ್ತದೆ.

ಈ ದಾರಿಯನ್ನು ಕಡಿದು ಹಾಕುವ ಸಾಧನವೇ ರಬ್ಬರ್ ಮೌಂಟ್. ಸ್ಕ್ರೂವಿನ ಬದಲು ಕೂರುವ ಮೆತ್ತನೆಯ ಪಿನ್ನು ಅದು. ಒಂದು ಫ್ಯಾನಿಗೆ ನಾಲ್ಕು ಬೇಕು. ಹಾಕುವುದು ಕಷ್ಟವಲ್ಲ, ಆದರೆ ಅಜಾಗರೂಕತೆಯಿಂದ ಹಾಕಿದರೆ ಏನೂ ಪ್ರಯೋಜನವಿಲ್ಲ. ಫ್ಯಾನಿನ ಚೌಕಟ್ಟು ಒಂದೇ ಒಂದು ಕಡೆ ತಗಡಿಗೆ ತಾಗಿಕೊಂಡಿದ್ದರೂ ಕಂಪನ ಆ ದಾರಿಯಲ್ಲೇ ದಾಟುತ್ತದೆ. ಮುಂದೆ ಹೇಳುವುದರಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ರಾತ್ರಿ ಓದುವ ಮಕ್ಕಳಿರುವ ಮನೆ, ಮನೆಯಲ್ಲೇ ಧ್ವನಿಮುದ್ರಣ ಮಾಡುವವರು, ಮಲಗುವ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡವರು, ಇಂಥವರಿಗೆ ಈ ಕೆಲಸ ಹೆಚ್ಚು ಉಪಯೋಗ. ತಗ್ಗು ಸ್ವರದ ಗುಂಯ್ ಸದ್ದು ಗಾಳಿಯ ಸುಯ್ ಸದ್ದಿಗಿಂತ ಹೆಚ್ಚು ದಣಿಸುತ್ತದೆ. ಅದು ಗೋಡೆ, ಮೇಜುಗಳನ್ನು ಹಿಡಿದು ಪಕ್ಕದ ಕೋಣೆಗೂ ಹೋಗುತ್ತದೆ, ಮೈಕಿನಲ್ಲೂ ಸೇರಿಕೊಳ್ಳುತ್ತದೆ.

ಮೊದಲು ಸದ್ದಿನ ಮೂಲ ಹುಡುಕಿ

ರಬ್ಬರ್ ಕೊಳ್ಳುವ ಮೊದಲು ಒಂದು ರಾತ್ರಿ ಇದಕ್ಕೆಂದೇ ಕುಳಿತುಕೊಳ್ಳಿ. ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕಂಪ್ಯೂಟರ್ ಚಾಲೂ ಇರಲಿ. ಕ್ಯಾಬಿನೆಟ್ಟಿನ ಪಕ್ಕದ ಪ್ಯಾನಲ್ಲಿನ ನಡುಭಾಗಕ್ಕೆ ಅಂಗೈಯನ್ನು ಚಪ್ಪಟೆಯಾಗಿಟ್ಟು ಸ್ವಲ್ಪ ಒತ್ತಿ. ಗುಂಯ್ ಸದ್ದು ಥಟ್ಟನೆ ತಗ್ಗಿದರೆ, ಅಥವಾ ಅದರ ಸ್ವರ ಬದಲಾದರೆ, ತಗಡು ಅದುರುತ್ತಿದೆ ಎಂದು ಅರ್ಥ. ಕೈ ಇಟ್ಟರೂ ತೆಗೆದರೂ ಸದ್ದು ಒಂದೇ ಸಮ ಇದ್ದರೆ ಅದು ಗಾಳಿಯದೋ ಮೋಟರಿನದೋ ಸದ್ದು, ಅದಕ್ಕೆ ರಬ್ಬರ್ ಮದ್ದಲ್ಲ. ಇದೇ ಪರೀಕ್ಷೆಯನ್ನು ಮೇಲಿನ ಪ್ಯಾನಲ್ಲಿಗೂ ಮುಂಭಾಗಕ್ಕೂ ಮಾಡಿ. ಹಿಂಬದಿಯ ಕೈತಿರುಪುಗಳು ಸಡಿಲವಾಗಿದ್ದರೆ ಮೊದಲು ಅವನ್ನು ಬಿಗಿಯಿರಿ. ಎಷ್ಟೋ ಸಲ ಗಲಗಲ ಎನ್ನುತ್ತಿರುವುದು ಸರಿಯಾಗಿ ಕೂರದ ಪ್ಯಾನಲ್ಲೇ ಆಗಿರುತ್ತದೆ.

ಎರಡನೆಯ ಪರೀಕ್ಷೆ ವೇಗದ್ದು. ಮದರ್‌ಬೋರ್ಡಿನ ಬಯಾಸ್ ಸೆಟ್ಟಿಂಗಿನಲ್ಲಿ ಫ್ಯಾನ್ ವೇಗವನ್ನು ಬದಲಿಸುವ ಪುಟವೊಂದು ಇರುತ್ತದೆ. ಒಂದೊಂದೇ ಫ್ಯಾನನ್ನು ಆರಿಸಿಕೊಂಡು ಕಡಿಮೆ ವೇಗದಿಂದ ಮೆಲ್ಲಗೆ ಏರಿಸುತ್ತಾ ಹೋಗಿ. ಸದ್ದು ಹಂತಹಂತವಾಗಿ ಏರುತ್ತಾ 'ಸುಯ್' ಎಂದು ದೊಡ್ಡದಾದರೆ ಅದು ಗಾಳಿ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗುಂಯ್ ಎಂದು ಎದ್ದು, ಇನ್ನೂ ವೇಗ ಕೊಟ್ಟರೆ ತಾನೇ ಇಳಿದರೆ ಅದು ಅನುರಣನ. ಆ ವೇಗದ ಕಂಪನವೂ ತಗಡಿನ ಸಹಜ ಕಂಪನವೂ ಒಂದಕ್ಕೊಂದು ಹೊಂದಿಕೊಂಡಿವೆ. ರಬ್ಬರ್ ಮೌಂಟ್ ತನ್ನ ಪೂರ್ಣ ಬೆಲೆ ತೋರಿಸುವುದು ಈ ಎರಡನೆಯ ತೊಂದರೆಯಲ್ಲಿ. 'ಟಿಕ್ ಟಿಕ್' ಎಂದರೆ ಯಾವುದೋ ವೈರು ರೆಕ್ಕೆಗೆ ತಗುಲುತ್ತಿದೆ. 'ಕರ್ ಕರ್' ಎಂದರೆ ಬೇರಿಂಗ್ ಸವೆದಿದೆ, ಆ ಫ್ಯಾನನ್ನು ಬದಲಿಸುವುದೇ ಸರಿ.

ಕೆಲವು ಕಂಪ್ಯೂಟರುಗಳಲ್ಲಿ ಸದ್ದು ಒಂದೇ ಸಮ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಎರಡು ಫ್ಯಾನುಗಳು ಹತ್ತಿರ ಹತ್ತಿರದ ವೇಗದಲ್ಲಿ ತಿರುಗುತ್ತಿರುವುದರ ಗುರುತು ಇದು. ಒಂದು ನಿಮಿಷಕ್ಕೆ 1200 ಸುತ್ತು, ಇನ್ನೊಂದು 1180 ಸುತ್ತು ತಿರುಗಿದರೆ ನಿಮಿಷಕ್ಕೆ 20 ಸುತ್ತಿನ ವ್ಯತ್ಯಾಸ. ಅಂದರೆ ಮೂರು ಸೆಕೆಂಡಿಗೊಮ್ಮೆ ಎರಡರ ನಡುಕವೂ ಒಟ್ಟುಗೂಡಿ ತಗಡನ್ನು ಜೋರಾಗಿ ಅಲುಗಿಸುತ್ತದೆ, ಆಮೇಲೆ ಒಂದನ್ನೊಂದು ಅಳಿಸುತ್ತದೆ. ಎರಡನ್ನೂ ರಬ್ಬರ್ ಮೇಲೆ ಕೂರಿಸಿದರೆ ಈ ಏರಿಳಿತ ಬಹಳ ಮಟ್ಟಿಗೆ ಹೋಗುತ್ತದೆ. ಒಂದರ ವೇಗವನ್ನು ನೂರಿನ್ನೂರು ಸುತ್ತು ಬದಲಿಸಿದರೂ ಸಾಕಾಗಬಹುದು.

ಕೊನೆಯ ಪರೀಕ್ಷೆಯೇ ಎಲ್ಲಕ್ಕಿಂತ ನಂಬಿಕೆಯದು. ಕಂಪ್ಯೂಟರ್ ಆರಿಸಿ ಅನುಮಾನವಿರುವ ಕ್ಯಾಬಿನೆಟ್ ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ, ವೈರನ್ನು ಮಾತ್ರ ಹಾಗೆಯೇ ಬಿಟ್ಟು ಫ್ಯಾನನ್ನು ಕ್ಯಾಬಿನೆಟ್ಟಿನ ಹೊರಗೆ ತನ್ನಿ. ಅಂಚನ್ನು ಹಿಡಿದುಕೊಂಡು, ಬೆರಳುಗಳನ್ನು ರೆಕ್ಕೆಯಿಂದ ದೂರವಿಟ್ಟು, ಮನೆಯವರೊಬ್ಬರಿಗೆ ಸ್ವಿಚ್ ಹಾಕಲು ಹೇಳಿ. ಕೈಯಲ್ಲಿ ತೂಗುತ್ತಿರುವ ಫ್ಯಾನ್ ಮಾಡುವ ಸದ್ದೇ ಅದರ ಸ್ವಂತ ಸದ್ದು. ಎಷ್ಟು ಒಳ್ಳೆಯ ಮೌಂಟ್ ಹಾಕಿದರೂ ಸದ್ದು ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಈಗ ಅದೇ ಫ್ಯಾನನ್ನು ತಂದು ಕ್ಯಾಬಿನೆಟ್ಟಿನ ಹೊರಮೈಗೆ ಒತ್ತಿಹಿಡಿಯಿರಿ. ಸದ್ದು ದುಪ್ಪಟ್ಟಾದಂತೆ ಕೇಳಿಸಿದರೆ ಮೌಂಟ್ ಕೊಳ್ಳಿ. ಹೆಚ್ಚಿನ ವ್ಯತ್ಯಾಸ ಕಾಣದಿದ್ದರೆ ಹಣ ಉಳಿಸಿ. ಫ್ಯಾನ್ ಕೈಜಾರಿ ಮದರ್‌ಬೋರ್ಡಿನ ಮೇಲೆ ಬೀಳದಂತೆ ಎಚ್ಚರವಿರಲಿ. ಪ್ರೊಸೆಸರ್ ಮೇಲಿನ ಫ್ಯಾನಿಗೆ ಈ ಪರೀಕ್ಷೆ ಬೇಡ.

ಇನ್ನೊಂದು ಮಾತು. ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಹಾರ್ಡ್‌ಡಿಸ್ಕ್ ಇದ್ದರೆ ಗುಂಯ್ ಎನ್ನುತ್ತಿರುವುದು ಅದೇ ಇರಬಹುದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನ ಕಂಪನ ಸೆಕೆಂಡಿಗೆ 120 ಸಲ. ಅದಕ್ಕೆಂದೇ ರಬ್ಬರ್ ಬುಷ್ ಇರುವ ಟ್ರೇಗಳು ಬರುತ್ತವೆ. ಫ್ಯಾನುಗಳ ವೇಗ ಇಳಿಸಿದರೂ ಸದ್ದಿನ ಸ್ವರ ಬದಲಾಗದಿದ್ದರೆ ಮೊದಲು ಡಿಸ್ಕಿನ ಕಡೆ ನೋಡಿ.

ರಬ್ಬರ್ ತಡೆಯುವುದು ಹೇಗೆ, ಎಷ್ಟು

ಸ್ವಲ್ಪ ಲೆಕ್ಕ ತಿಳಿದಿದ್ದರೆ ಕೊಳ್ಳುವಾಗ ಮೋಸಹೋಗುವುದಿಲ್ಲ. ನಿಮಿಷಕ್ಕೆ 1200 ಸುತ್ತು ಎಂದರೆ ಸೆಕೆಂಡಿಗೆ 20. ರೆಕ್ಕೆಗಳ ತೂಕದಲ್ಲಿ ಎಳ್ಳಷ್ಟು ಏರುಪೇರಿದ್ದರೂ ಫ್ಯಾನ್ ಸೆಕೆಂಡಿಗೆ 20 ಸಲ ಓಲಾಡುತ್ತದೆ. ಇದು ಕಿವಿಗೆ ಕೇಳುವುದು ಅಪರೂಪ, ಕೈಗೆ ಮಾತ್ರ ಗೊತ್ತಾಗುತ್ತದೆ. ಮೋಟರಿನೊಳಗೆ ನಾಲ್ಕು ಕಾಂತಧ್ರುವಗಳಿದ್ದರೆ ಪ್ರತಿ ಸುತ್ತಿಗೆ ನಾಲ್ಕು ಸಣ್ಣ ತಳ್ಳುಗಳು, ಅಂದರೆ ಸೆಕೆಂಡಿಗೆ 80. ಒಂಬತ್ತು ರೆಕ್ಕೆಯ ಫ್ಯಾನಾದರೆ ರೆಕ್ಕೆಗಳು ಹಾಯುವ ಬಡಿತ ಸೆಕೆಂಡಿಗೆ 180. ನಾವು ಗುಂಯ್ ಎಂದು ಕೇಳುವುದು ಈ 80, 180 ಮತ್ತು ಅವುಗಳ ಮಡಿಗಳನ್ನು.

ಮೆತ್ತನೆಯ ರಬ್ಬರ್ ಮೇಲೆ ಕೂತ ಫ್ಯಾನಿಗೂ ತನ್ನದೇ ಆದ ಸಹಜ ಓಲಾಟ ಒಂದಿರುತ್ತದೆ. ಫ್ಯಾನಿನ ಭಾರಕ್ಕೆ ರಬ್ಬರ್ ಒಂದು ಮಿಲಿಮೀಟರ್ ಬಾಗಿದರೆ ಆ ಓಲಾಟ ಸೆಕೆಂಡಿಗೆ ಸುಮಾರು 16 ಸಲ. ಬರುವ ಕಂಪನ ಇದರ 1.4 ಪಟ್ಟಿಗಿಂತ ಹೆಚ್ಚಿದ್ದರೆ ಮಾತ್ರ ರಬ್ಬರ್ ತಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ತಡೆಯುವ ಬದಲು ಹೆಚ್ಚಿಸುತ್ತದೆ! ಮೇಲಿನ ಲೆಕ್ಕದಲ್ಲಿ ಸೆಕೆಂಡಿಗೆ 80 ಸಲದ ಕಂಪನದಲ್ಲಿ ತಗಡಿಗೆ ದಾಟುವುದು ಸುಮಾರು ಶೇ. 4 ಮಾತ್ರ. ಅದೇ ರಬ್ಬರ್ ಗಟ್ಟಿಯಾಗಿದ್ದು, ಫ್ಯಾನಿನ ಭಾರಕ್ಕೆ 0.1 ಮಿಲಿಮೀಟರ್ ಮಾತ್ರ ಬಾಗುವುದಾದರೆ ಶೇ. 60ಕ್ಕೂ ಹೆಚ್ಚು ಪಾಲು ದಾಟಿಹೋಗುತ್ತದೆ. ಇದು ಪುಸ್ತಕದ ಲೆಕ್ಕ, ಮನೆಯ ಕ್ಯಾಬಿನೆಟ್ಟಿನಲ್ಲಿ ಫಲ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಆದರೆ ದಿಕ್ಕು ಇದೇ: ಮೆತ್ತಗಿದ್ದಷ್ಟೂ ಒಳ್ಳೆಯದು. ಬೆರಳಲ್ಲಿ ಹಿಸುಕಿದರೆ ಪೆನ್ಸಿಲ್ ಅಳಿಸುವ ರಬ್ಬರಿನಷ್ಟಾದರೂ ಬಾಗಬೇಕು. ಪ್ಲಾಸ್ಟಿಕ್ಕಿನಂತೆ ಬಿರುಸಾಗಿರುವ ಪಿನ್ನು ಹೆಸರಿಗಷ್ಟೇ ರಬ್ಬರ್.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಮೌಂಟ್ ಹಾಕಿದ ಮೇಲೆ ಸುಮಾರು 1000 ಸುತ್ತಿನ ಆಸುಪಾಸಿನಲ್ಲಿ ಫ್ಯಾನ್ ಕಣ್ಣಿಗೆ ಕಾಣುವಂತೆ ಓಲಾಡಿದರೆ ಹೆದರಬೇಕಿಲ್ಲ. ರಬ್ಬರಿನ ಸಹಜ ಓಲಾಟವೂ ಫ್ಯಾನಿನ ವೇಗವೂ ಅಲ್ಲಿ ಹೊಂದಿಕೊಂಡಿವೆ. ವೇಗವನ್ನು ಸ್ವಲ್ಪ ಮೇಲೆ ಅಥವಾ ಕೆಳಗೆ ಸರಿಸಿದರೆ ನಿಲ್ಲುತ್ತದೆ.

ಗಾಳಿಯ ಸದ್ದಿಗೆ ಮಾತ್ರ ವೇಗ ಇಳಿಸುವುದೊಂದೇ ದಾರಿ. ಅದೂ ಒಳ್ಳೆಯ ಲಾಭದ ದಾರಿ. 1500 ಸುತ್ತಿನ ಫ್ಯಾನನ್ನು 1200ಕ್ಕೆ ಇಳಿಸಿದರೆ ಗಾಳಿ ಶೇ. 20ರಷ್ಟು ಕಡಿಮೆಯಾಗುತ್ತದೆ, ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಪ್ರೊಸೆಸರಿನ ಬಿಸಿ ಹತೋಟಿಯಲ್ಲಿದ್ದರೆ ಮೊದಲು ಇದನ್ನು ಮಾಡಿ. ಖರ್ಚಿಲ್ಲದ ಕೆಲಸ.

ಏನು ಕೊಳ್ಳಬೇಕು

ಅಂಗಡಿಯಲ್ಲಿ ಮೂರು ಬಗೆಯವು ಸಿಗುತ್ತವೆ. ಉದ್ದ ಬಾಲವಿರುವ ಎಳೆದು ಕೂರಿಸುವ ಪಿನ್ನು, ಸ್ಕ್ರೂ ಜೊತೆ ಹಾಕುವ ರಬ್ಬರ್ ಬುಷ್, ಮತ್ತು ಫ್ಯಾನಿನ ಆಕಾರಕ್ಕೆ ಕತ್ತರಿಸಿದ ಸಿಲಿಕೋನ್ ಗ್ಯಾಸ್ಕೆಟ್. ಕ್ಯಾಬಿನೆಟ್ ಫ್ಯಾನಿಗೆ ನಾನು ಹೇಳುವುದು ಮೊದಲನೆಯದನ್ನೇ. ಗ್ಯಾಸ್ಕೆಟ್ ನೋಡಲು ಅಚ್ಚುಕಟ್ಟು, ಗಾಳಿ ಸೋರುವುದನ್ನೂ ತಡೆಯುತ್ತದೆ, ಆದರೆ ಅದನ್ನು ಹಿಡಿದಿಡಲು ಮತ್ತೆ ಲೋಹದ ಸ್ಕ್ರೂ ಬೇಕು. ಆ ಸ್ಕ್ರೂವಿನ ತಲೆ ತಗಡಿಗೆ ಒತ್ತಿಕೊಂಡಿರುತ್ತದೆ, ಮೈ ಫ್ಯಾನಿನೊಳಗೆ ಕಚ್ಚಿಕೊಂಡಿರುತ್ತದೆ. ಕಂಪನಕ್ಕೆ ಅಷ್ಟು ದಾರಿ ಸಾಕು. ಮೂಲೆಗಳಲ್ಲಿ ರಬ್ಬರ್ ಅಂಟಿಸಿಕೊಂಡೇ ಬರುವ ಫ್ಯಾನುಗಳಿಗೂ ಇದೇ ಮಿತಿ ಇದೆ.

ಒಳ್ಳೆಯ ಫ್ಯಾನ್ ಕೊಂಡರೆ ಪಿನ್ನುಗಳು ಪೆಟ್ಟಿಗೆಯಲ್ಲೇ ಬಂದಿರಬಹುದು, ಮೊದಲು ನೋಡಿ. ಆಸ್ಟ್ರಿಯದ ನೊಕ್ಟುವಾ ಕಂಪನಿ ತನ್ನ ಫ್ಯಾನುಗಳ ಜೊತೆ ಸ್ಕ್ರೂ ಮತ್ತು ಮೆತ್ತನೆಯ ಪಿನ್ನು ಎರಡನ್ನೂ ಕೊಡುವುದು ರೂಢಿ. ಫ್ಯಾನ್ ಜೋಡಿಸಿಕೊಟ್ಟವರು ಅವಸರದಲ್ಲಿ ಸ್ಕ್ರೂ ಹಾಕಿ, ಪಿನ್ನುಗಳ ಪೊಟ್ಟಣವನ್ನು ಪೆಟ್ಟಿಗೆಯಲ್ಲೇ ಬಿಟ್ಟಿರುವುದು ಸಾಮಾನ್ಯ. ಹಳೆಯ ಖಾಲಿ ಪೆಟ್ಟಿಗೆ ಅಟ್ಟದ ಮೇಲಿದ್ದರೆ ಇಳಿಸಿ ಒಮ್ಮೆ ಅಲ್ಲಾಡಿಸಿ. ಬಿಡಿಯಾಗಿ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ 'ಫ್ಯಾನ್ ಮೌಂಟಿಂಗ್ ರಬ್ಬರ್' ಎಂದು ಕೇಳಿ ನೋಡಬಹುದು. ಎಲ್ಲ ಅಂಗಡಿಗಳೂ ಇಟ್ಟಿರುವುದಿಲ್ಲ, ಆನ್‌ಲೈನಿನಲ್ಲಿ ತರಿಸಿಕೊಳ್ಳುವುದು ಸುಲಭ.

ತರಿಸುವ ಮೊದಲು ಮೂರು ಅಳತೆ ನೋಡಿಕೊಳ್ಳಿ. ಮೊದಲನೆಯದು ಫ್ಯಾನಿನ ದಪ್ಪ: ಬಹುತೇಕ 25 ಮಿಲಿಮೀಟರ್, ತೆಳು ಫ್ಯಾನಾದರೆ 15. ಎರಡನೆಯದು ಫ್ಯಾನಿನ ಅಗಲ. 120 ಮಿಲಿಮೀಟರ್ ಫ್ಯಾನಿನಲ್ಲಿ ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ 105 ಮಿಲಿಮೀಟರ್, 140ರದರಲ್ಲಿ 124.5, ಹಳೆಯ 80ರದರಲ್ಲಿ 71.5 ಇರುತ್ತದೆ. ಪಿನ್ನು ಬಿಡಿಬಿಡಿಯಾದ್ದರಿಂದ ಈ ಅಳತೆ ಅದಕ್ಕೆ ಬೇಕಿಲ್ಲ, ಗ್ಯಾಸ್ಕೆಟ್ ಕೊಳ್ಳುವವರಿಗೆ ಬೇಕು. ಮೂರನೆಯದೇ ಮುಖ್ಯ, ಜನ ಎಡವುವುದೂ ಅಲ್ಲೇ. ಅದು ಫ್ಯಾನಿನ ಮೂಲೆ. ಕೆಲವು ಫ್ಯಾನುಗಳ ಮೂಲೆಯನ್ನು ಪಕ್ಕದಿಂದ ನೋಡಿದರೆ ಮುಂದೊಂದು ಹಿಂದೊಂದು ಕಿವಿ, ನಡುವೆ ಖಾಲಿ. ಇನ್ನು ಕೆಲವದರಲ್ಲಿ ಮುಂದಿನಿಂದ ಹಿಂದಿನವರೆಗೆ ಮುಚ್ಚಿದ ಕೊಳವೆ. ಗಿಡ್ಡ ಪಿನ್ನಿನ ಮುಳ್ಳು ಒಂದು ಕಿವಿಯನ್ನು ದಾಟಿ ಖಾಲಿ ಜಾಗದಲ್ಲಿ ಅರಳಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಕೊಳವೆಯಲ್ಲಿ ಅದಕ್ಕೆ ಅರಳಲು ಜಾಗವೇ ಇಲ್ಲ. ಅಂಥ ಫ್ಯಾನಿಗೆ ಕೊಳವೆಯ ಪೂರ್ತಿ ಉದ್ದ ದಾಟಿ ಆಚೆ ಕಡೆ ಕಚ್ಚುವ ಉದ್ದ ಪಿನ್ನು ಬೇಕು.

ನೀರಿನಿಂದ ತಂಪಾಗುವ ಕೂಲರಿನ ರೇಡಿಯೇಟರಿಗೆ ಬಿಗಿದ ಫ್ಯಾನಿಗೆ ಎಳೆಯುವ ಪಿನ್ನು ಆಗುವುದಿಲ್ಲ, ಅಲ್ಲಿರುವುದು ಸ್ಕ್ರೂ ಗೆರೆ ಕೊರೆದ ತೂತು. ಗ್ಯಾಸ್ಕೆಟ್ಟೇ ಗತಿ. ಪವರ್ ಸಪ್ಲೈ ಒಳಗಿನ ಫ್ಯಾನಿಗಂತೂ ಕೈ ಹಾಕಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಸೈಕಲ್ ಟ್ಯೂಬನ್ನು ಕತ್ತರಿಸಿ ವಾಷರ್ ಮಾಡಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು. ಟ್ಯೂಬಿನ ಬ್ಯುಟೈಲ್ ರಬ್ಬರ್ ಕಂಪನವನ್ನು ಚೆನ್ನಾಗಿ ನುಂಗುತ್ತದೆ. ಆದರೆ ತಗಡಿನ ಎರಡೂ ಬದಿಗೆ ವಾಷರ್ ಬೇಕು, ಸ್ಕ್ರೂವಿನ ಮೈ ತೂತಿನ ಅಂಚಿಗೆ ತಾಗಬಾರದು, ಮತ್ತು ಬಿಗಿಯುವುದು ಹಗುರವಾಗಿರಬೇಕು. ಸ್ಕ್ರೂ ಬಿಗಿದಷ್ಟೂ ರಬ್ಬರ್ ಹಿಸುಕಿ ಗಟ್ಟಿಯಾಗುತ್ತದೆ, ಗಟ್ಟಿಯಾದ ರಬ್ಬರ್ ಕಂಪನ ದಾಟಿಸುತ್ತದೆ. ಕಟ್ಟುವ ರಬ್ಬರ್ ಬ್ಯಾಂಡಿನಲ್ಲಿ ಫ್ಯಾನ್ ತೂಗುಹಾಕುವುದು ಬೇಡ. ಬಿಸಿಗೆ ಅದು ಕೆಲವೇ ತಿಂಗಳಲ್ಲಿ ಪುಡಿಯಾಗಿ ಹರಿದು, ತಿರುಗುವ ಫ್ಯಾನ್ ಒಳಗೆ ಬೀಳುತ್ತದೆ.

ಹಾಕುವ ಕೆಲಸ

ಬೇಕಾದ ಸಾಮಾನು ಸ್ವಲ್ಪವೇ: ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಮೊನೆ ತೆಳುವಾದ ನೋಸ್ ಪ್ಲೇಯರ್, ಕತ್ತರಿ, ಮೆತ್ತನೆಯ ಬ್ರಶ್, ಒಂದು ಬಟ್ಟಲಲ್ಲಿ ಸ್ವಲ್ಪ ನೀರು. ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಆಮೇಲೆ ಪವರ್ ಬಟನನ್ನು ಹತ್ತು ಸೆಕೆಂಡು ಒತ್ತಿಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಯಾವ ವೈರ್ ಎಲ್ಲಿತ್ತು ಎಂಬುದಕ್ಕೆ ಮೊಬೈಲಿನಲ್ಲಿ ಒಂದೆರಡು ಫೋಟೊ ತೆಗೆದಿಡಿ.

ಫ್ಯಾನ್ ಬಿಚ್ಚಿದ ಮೇಲೆ ಅದರ ರೆಕ್ಕೆ ನೋಡಿ. ನಮ್ಮ ಊರುಗಳ ಬೇಸಿಗೆಯ ಧೂಳು ರೆಕ್ಕೆಯ ಮುಂಚೂಣಿಯ ಅಂಚಿನಲ್ಲಿ ಬೂದು ಪಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಅದು ಎಲ್ಲ ರೆಕ್ಕೆಗೂ ಸಮವಾಗಿ ಕೂತಿರುವುದಿಲ್ಲ. ಒಂದು ಕಡೆಯ ಪದರ ಕಳಚಿಬಿದ್ದರೆ ಅಲ್ಲಿಗೆ ತೂಕ ಏರುಪೇರಾಯಿತು, ನಡುಕ ಹುಟ್ಟಿತು. ಬ್ರಶ್ಶಿನಿಂದ ಒರೆಸಿ, ಮೂಲೆಗಳಿಗೆ ಕಿವಿಯ ಬಡ್ಸ್ ಬಳಸಿ. ಗಾಳಿ ಊದುವ ಬ್ಲೋವರ್ ಹಿಡಿಯುವುದಾದರೆ ರೆಕ್ಕೆಯನ್ನು ಬೆರಳಿನಿಂದ ತಡೆದಿಟ್ಟುಕೊಳ್ಳಿ, ಅಡ್ಡಾದಿಡ್ಡಿ ವೇಗದಲ್ಲಿ ತಿರುಗಿದರೆ ಬೇರಿಂಗಿಗೆ ಪೆಟ್ಟು. ಶುಚಿ ಮಾಡಿದ್ದರಿಂದಲೇ ಅರ್ಧ ಸದ್ದು ಹೋಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಈಗ ಕ್ಯಾಬಿನೆಟ್ಟಿನ ತೂತುಗಳ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ. ಚೂಪಾದ ಮುಳ್ಳಿದ್ದರೆ ಸ್ಕ್ರೂಡ್ರೈವರಿನ ಸರಳಿನಿಂದ ಒತ್ತಿ ಉಜ್ಜಿ ನಯಗೊಳಿಸಿ, ಇಲ್ಲದಿದ್ದರೆ ಪಿನ್ನು ಅಲ್ಲೇ ಸೀಳುತ್ತದೆ. ಅರ ಹಾಕಿ ಉಜ್ಜಬೇಡಿ, ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆದೀತು.

ಪಿನ್ನನ್ನು ಹೊರಗಿನಿಂದ ಒಳಕ್ಕೆ ಹಾಕಬೇಕು. ತಲೆ ಹೊರಗೆ ಉಳಿಯಬೇಕು, ಬಾಲ ಒಳಗೆ ಬರಬೇಕು. ಮುಂಭಾಗದ ಫ್ಯಾನಾದರೆ ಮೊದಲು ಮುಂದಿನ ಪ್ಲಾಸ್ಟಿಕ್ ಮುಖವಾಡ ತೆಗೆಯಬೇಕಾಗುತ್ತದೆ. ಅದು ಸಾಮಾನ್ಯವಾಗಿ ಕೆಳಗಿನಿಂದ ಹಿಡಿದು ಎಳೆದರೆ ಬರುತ್ತದೆ. ಪಿನ್ನಿನ ಬಾಲವನ್ನು ನೀರಿನಲ್ಲಿ ಅದ್ದಿ, ತೂತಿನಲ್ಲಿ ತೂರಿಸಿ, ಒಳಗಿನಿಂದ ಪ್ಲೇಯರಿನಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಎಳೆದಂತೆ ರಬ್ಬರ್ ಸಣ್ಣಗಾಗಿ ತೂತಿನೊಳಗೆ ಜಾರುತ್ತದೆ. ತಲೆಯ ಕೆಳಗಿನ ಸಣ್ಣ ಕಂಠ ತಗಡಿನ ಅಂಚನ್ನು ಕಚ್ಚಿಕೊಂಡಾಗ 'ಟಪ್' ಎಂಬುದು ಕೈಗೇ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಜಗ್ಗಿ ಎಳೆದರೆ ತಲೆಯೂ ಒಳಗೆ ಬಂದುಬಿಡುತ್ತದೆ. ಜಾರುವುದಿಲ್ಲವೆಂದು ಕೊಬ್ಬರಿ ಎಣ್ಣೆ ಸವರುವ ಆಸೆ ಬರಬಹುದು. ಬೇಡ. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಬೇಗ ಹಾಳಾಗುತ್ತದೆ, ಧೂಳೂ ಮೆತ್ತಿಕೊಳ್ಳುತ್ತದೆ. ನೀರಿಗೆ ಒಂದು ಹನಿ ಸೋಪು ಸೇರಿಸಿದರೆ ಸಾಕು.

ನಾಲ್ಕು ಪಿನ್ನೂ ಕೂತ ಮೇಲೆ ಫ್ಯಾನ್ ತನ್ನಿ. ಗಾಳಿ ಯಾವ ಕಡೆ ಹೋಗುತ್ತದೆಂದು ಇಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು. ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ಸರಿ, ಇಲ್ಲದಿದ್ದರೆ ಮೋಟರನ್ನು ಹಿಡಿದಿರುವ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಮುಂದಿನ ಫ್ಯಾನ್ ಗಾಳಿಯನ್ನು ಒಳಗೆ ತರಬೇಕು, ಹಿಂದಿನದು ಹೊರಗೆ ದಬ್ಬಬೇಕು. ಪಿನ್ನು ಕೂರಿಸಿದ ಮೇಲೆ ಉಲ್ಟಾ ಆಗಿದೆಯೆಂದು ತಿಳಿದರೆ ತೆಗೆಯುವಾಗ ಪಿನ್ನು ಹರಿಯುವ ಸಂಭವವೇ ಹೆಚ್ಚು. ವೈರ್ ಹೊರಡುವ ಮೂಲೆ ಬೋರ್ಡಿನ ಕಡೆಗಿರಲಿ.

ನಿಂತ ಪ್ಯಾನಲ್ಲಾದರೆ ಮೇಲಿನ ಎರಡು ಬಾಲಗಳನ್ನು ಮೊದಲು ಫ್ಯಾನಿನ ತೂತಿನಲ್ಲಿ ತೂರಿಸಿ ಎಳೆದುಬಿಡಿ, ಫ್ಯಾನ್ ತಾನೇ ತೂಗುತ್ತದೆ. ಆಮೇಲೆ ಎರಡೂ ಕೈಯಿಂದ ನೆಮ್ಮದಿಯಾಗಿ ಕೆಳಗಿನ ಎರಡನ್ನು ಎಳೆಯಬಹುದು. ಒಂದು ಕೈಯಲ್ಲಿ ಫ್ಯಾನಿನ ಮೂಲೆಯನ್ನು ತಗಡಿನ ಕಡೆಗೆ ಆನಿಸಿಟ್ಟು, ಇನ್ನೊಂದರಲ್ಲಿ ಬಾಲವನ್ನು ನಿಮ್ಮ ಕಡೆಗೆ ಎಳೆಯಿರಿ. ಮುಳ್ಳು ದಾಟಿ ಕಿವಿಯ ಹಿಂದೆ ಅರಳಿದ್ದು ಕಣ್ಣಿಗೆ ಕಾಣಬೇಕು. ಮೊದಲು ಸ್ಕ್ರೂ ಹಾಕಿದ್ದ ಫ್ಯಾನಿನ ತೂತಿನೊಳಗೆ ಸ್ಕ್ರೂ ಕೊರೆದ ಗೆರೆಗಳಿರುತ್ತವೆ, ಅವು ರಬ್ಬರನ್ನು ಹಿಡಿದು ನಿಲ್ಲಿಸುತ್ತವೆ. ಅಲ್ಲಿ ಮತ್ತೊಮ್ಮೆ ನೀರು ತಾಗಿಸಿ, ಪ್ಲೇಯರನ್ನು ಬಾಲದ ತುದಿಯ ಬದಲು ಬುಡದ ಹತ್ತಿರ ಹಿಡಿಯಿರಿ.

ತಾಗದಿರುವುದೇ ಕೆಲಸ

ನಾಲ್ಕೂ ಕೂತವು ಎಂದ ತಕ್ಷಣ ಪ್ಯಾನಲ್ ಮುಚ್ಚಬೇಡಿ. ಒಂದು ದಪ್ಪ ಕಾಗದವನ್ನು, ಹಳೆಯ ಮದುವೆ ಕರೆಯೋಲೆಯಾದರೂ ಸರಿ, ಫ್ಯಾನಿಗೂ ತಗಡಿಗೂ ನಡುವೆ ತೂರಿಸಿ ನಾಲ್ಕೂ ಬದಿಗೆ ಓಡಿಸಿ. ಎಲ್ಲಿ ಕಾಗದ ಸಿಕ್ಕಿಕೊಳ್ಳುತ್ತದೋ ಅಲ್ಲಿ ಫ್ಯಾನ್ ತಗಡಿಗೆ ತಾಗಿದೆ. ಸಾಮಾನ್ಯ ಕಾರಣ ಪಿನ್ನಿನ ನಡುವಿನ ದಪ್ಪ ಬಳೆ ತಗಡಿಗೂ ಫ್ಯಾನಿಗೂ ನಡುವೆ ಕೂರದೆ ತೂತಿನೊಳಗೆ ಸಿಕ್ಕಿಕೊಂಡಿರುವುದು. ಮೇಲಿನ ಪ್ಯಾನಲ್ಲಿನಲ್ಲಿ ಫ್ಯಾನಿನ ಪಕ್ಕದ ಅಂಚು ಮದರ್‌ಬೋರ್ಡಿನ ಹೀಟ್‌ಸಿಂಕಿಗೆ ತಾಗುವುದೂ ಉಂಟು. ಎರಡು ಫ್ಯಾನು ಅಕ್ಕಪಕ್ಕ ಇದ್ದರೆ ಅವುಗಳ ಚೌಕಟ್ಟುಗಳ ನಡುವೆಯೂ ಕಾಗದ ಆಡಬೇಕು.

ಆಮೇಲೆ ವೈರ್. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫ್ಯಾನಿನ ವೈರನ್ನು ಬಿಗಿಯಾಗಿ ಎಳೆದು ಕ್ಯಾಬಿನೆಟ್ಟಿಗೆ ಕೇಬಲ್ ಟೈ ಹಾಕಿ ಕಟ್ಟಿದರೆ, ರಬ್ಬರ್ ತಡೆದ ಕಂಪನ ವೈರ್ ಹಿಡಿದು ಹೋಗುತ್ತದೆ. ಜೊತೆಗೆ ವೈರ್ ಎಳೆದ ಕಡೆಗೆ ಫ್ಯಾನ್ ವಾಲಿ ಒಂದು ಮೂಲೆ ತಗಡಿಗೆ ತಾಗುತ್ತದೆ. ಫ್ಯಾನಿನಿಂದ ಮೊದಲ ಕಟ್ಟಿನವರೆಗೆ ವೈರ್ ಸಡಿಲವಾಗಿ ಬಾಗಿರಲಿ, ಆದರೆ ರೆಕ್ಕೆಗೆ ಸಿಗುವಷ್ಟು ಜೋತುಬೀಳದಿರಲಿ. ಬೆರಳಿನಿಂದ ರೆಕ್ಕೆಯನ್ನು ಒಂದು ಸುತ್ತು ತಿರುಗಿಸಿ, ಏನೂ ತಗುಲುತ್ತಿಲ್ಲ ಎಂದು ಖಚಿತಪಡಿಸಿಕೊಂಡು ಸ್ವಿಚ್ ಹಾಕಿ. ಫ್ಯಾನಿನ ವೈರನ್ನು ಬೋರ್ಡಿಗೆ ಮತ್ತೆ ಚುಚ್ಚಲು ಮರೆತಿದ್ದರೆ ಕೆಲವು ಬೋರ್ಡುಗಳು ಶುರುವಿನಲ್ಲೇ ಫ್ಯಾನ್ ಎರರ್ ತೋರಿಸಿ ನಿಲ್ಲುತ್ತವೆ, ಗಾಬರಿಯಾಗಬೇಡಿ.

ಬಾಲಗಳನ್ನು ಅಂದೇ ಕತ್ತರಿಸುವ ಅವಸರ ಬೇಡ. ರೆಕ್ಕೆಯ ಕಡೆ ಬಾಗುತ್ತಿಲ್ಲವಾದರೆ ಒಂದು ವಾರ ಹಾಗೆಯೇ ಇರಲಿ. ಯಾವುದಾದರೂ ಪಿನ್ನು ಜಾರಿದರೆ ಮತ್ತೆ ಎಳೆಯಲು ಹಿಡಿಕೆ ಅದೇ. ಆಮೇಲೆ ಒಂದು ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಬುಡದವರೆಗೆ ಕತ್ತರಿಸಿದರೆ ಮುಳ್ಳಿನ ಹಿಡಿತವೂ ಹೋದೀತು.

ಇಷ್ಟೆಲ್ಲ ಮಾಡಿದ ಮೇಲೂ ಕೋಣೆಯಲ್ಲಿ ಗುಂಯ್ ಉಳಿದಿದ್ದರೆ ಕ್ಯಾಬಿನೆಟ್ ಎಲ್ಲಿ ಕೂತಿದೆ ನೋಡಿ. ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್ಲುಗಳಲ್ಲಿ ಸಿಪಿಯು ಇಡಲು ಪ್ಲೈವುಡ್ಡಿನ ಗೂಡೊಂದು ಇರುತ್ತದೆ. ಮೂರು ಕಡೆ ಹಲಗೆ, ಹಿಂದೆ ಗೋಡೆ. ಕ್ಯಾಬಿನೆಟ್ಟಿನ ಪಕ್ಕ ಆ ಹಲಗೆಗೆ ಆನಿಕೊಂಡಿದ್ದರೆ ಇಡೀ ಟೇಬಲ್ಲೇ ಸದ್ದು ಮಾಡುತ್ತದೆ, ಬಿಸಿ ಗಾಳಿಯೂ ಅಲ್ಲೇ ಸುತ್ತಿ ಫ್ಯಾನುಗಳು ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ. ಪಕ್ಕದಲ್ಲಿ ನಾಲ್ಕು ಬೆರಳು, ಹಿಂದೆ ಒಂದು ಗೇಣು ಜಾಗ ಬಿಡಿ. ಕ್ಯಾಬಿನೆಟ್ಟಿನ ಅಡಿಯ ರಬ್ಬರ್ ಕಾಲುಗಳು ವರ್ಷಗಳಲ್ಲಿ ಕಳಚಿಬಿದ್ದಿರುತ್ತವೆ. ನಾಲ್ಕೂ ಇವೆಯೇ ನೋಡಿ, ಇಲ್ಲದಿದ್ದರೆ ಅಂಟಿಸುವ ರಬ್ಬರ್ ಕಾಲು ತಂದು ಹಾಕಿ.

ಕಂಪ್ಯೂಟರನ್ನು ಲಾರಿಯಲ್ಲೋ ಬಸ್ಸಿನಲ್ಲೋ ದೂರ ಸಾಗಿಸುವಾಗ ಫ್ಯಾನುಗಳ ಸುತ್ತ ಮೆತ್ತನೆಯ ಕಾಗದ ತುರುಕಿ. ರಬ್ಬರ್ ಮೇಲಿನ ಫ್ಯಾನ್ ಕುಲುಕಾಟಕ್ಕೆ ಓಲಾಡಿ ಪಿನ್ನು ಜಾರಬಹುದು. ಊರು ತಲುಪಿ ಸ್ವಿಚ್ ಹಾಕುವ ಮೊದಲು ಆ ಕಾಗದ ತೆಗೆಯಲು ನೆನಪಿರಲಿ. ವರ್ಷಕ್ಕೊಮ್ಮೆ ಧೂಳು ತೆಗೆಯುವಾಗ ಪಿನ್ನುಗಳನ್ನೂ ಹಿಸುಕಿ ನೋಡಿ. ಸಿಲಿಕೋನಿನವು ಬಹುಕಾಲ ಮೆತ್ತಗೇ ಇರುತ್ತವೆ, ಅಗ್ಗದ ರಬ್ಬರಿನವು ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಬಿರುಕು ಕಂಡದ್ದನ್ನು ಕತ್ತರಿಸಿ ತೆಗೆದು ಬದಲಿಸಿ. ಪಿನ್ನು ತರಿಸುವಾಗಲೇ ಲೆಕ್ಕಕ್ಕಿಂತ ನಾಲ್ಕು ಹೆಚ್ಚಿಗೆ ತರಿಸಿಡಿ. ಫ್ಯಾನ್ ಬಿಚ್ಚುವಾಗ ಒಂದೋ ಎರಡೋ ಹರಿದೇ ಹರಿಯುತ್ತವೆ.